ಕಲಬುರಗಿಯಲ್ಲಿ ಸಾವಿನ ದುಃಖಕ್ಕೆ ಅಂತಲೇ ಥೆರಪಿಸ್ಟ್ ಇದ್ದಾರಾ? ಅವರು ಮಾಡೋದಾದರೂ ಏನು?

ತೊಗರಿ ಲೆಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ವಯಸ್ಸು 41. ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಪ್ರಶ್ನೆ ಮೇಲೇ ಇದೆ. ಆದರೆ ಅಷ್ಟೇ ಕೇಳಿದರೆ "ಒಳ್ಳೆ ಡಾಕ್ಟರ್‌ಗೆ ತೋರಿಸಿ" ಅಂತ ಒಂದು ಸಾಲು ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನನ್ನ ತಮ್ಮ ತೀರಿಕೊಂಡು 14 ತಿಂಗಳಾಯಿತು. ಎಳ್ಳಮವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದಿದ್ದೆವು. ಅವನು ಅಂಬಲಿ ಕುಡಿದು ಬೇವಿನ ಗಿಡದ ಕೆಳಗೆ ಮಲಗಿಬಿಟ್ಟಿದ್ದ. ಅವನ ಗೊರಕೆ ಕೇಳಿ ಮಕ್ಕಳು ಬಿದ್ದುಬಿದ್ದು ನಕ್ಕಿದ್ದರು. ಅದಾದ ಮೂರನೇ ದಿನ ಶಹಾಬಾದ್ ರಸ್ತೆಯಲ್ಲಿ ಅವನ ಬೈಕ್‌ಗೆ ಲಾರಿ ಬಡಿಯಿತು. 34 ವರ್ಷ. ಅದೇ ಹೊಲದಲ್ಲಿ, ಅದೇ ಬೇವಿನ ಗಿಡದಿಂದ ಸ್ವಲ್ಪ ದೂರದಲ್ಲಿ ಮಣ್ಣು ಕೊಟ್ಟೆವು. ಈ ಸಲದ ಎಳ್ಳಮವಾಸ್ಯೆಗೆ ನಾನು ಹೊಲಕ್ಕೆ ಹೋಗಲಿಲ್ಲ. ಮಿಲ್‌ನಲ್ಲಿ ತೊಗರಿ ಸೀಸನ್, ರಜೆ ಇಲ್ಲ ಅಂತ ಮನೆಯಲ್ಲಿ ಸುಳ್ಳು ಹೇಳಿದೆ.

ಅವನು ಆಗ ಮನೆ ಕಟ್ಟಿಸುತ್ತಿದ್ದ. ನಮ್ಮ ಹಳೆ ಮನೆಯ ಹಿಂದಿನ ಜಾಗದಲ್ಲಿ ಎರಡು ಕೋಣೆ, ಒಂದು ಪಡಸಾಲೆ. ನೆಲಕ್ಕೆ ಟೈಲ್ಸ್ ಬೇಡ, ಶಹಾಬಾದ್ ಕಲ್ಲೇ ಬೇಕು ಅಂತ ಹಟ. "ಈ ಬಿಸಲಾಗ ಟೈಲ್ಸ್ ಮ್ಯಾಲ ಮಲಗಿ ನೋಡಣ್ಣ, ಕಲ್ಲಿನ ತಂಪೇ ಬ್ಯಾರೆ ಅದ" ಅನ್ನುತ್ತಿದ್ದ. ಕಲ್ಲಿಗೆ ಮುಂಗಡ ಕೊಟ್ಟಾಗಿತ್ತು. ಮಣ್ಣಾದ ನಾಲ್ಕನೇ ದಿನ ಟ್ರ್ಯಾಕ್ಟರ್ ಬಂತು, ಕಲ್ಲು ಇಳಿಸಿತು. ಪಾಪ, ಆ ಡ್ರೈವರ್‌ಗೆ ಏನು ಗೊತ್ತು. ಮನೆ ತುಂಬ ಜನ ನೋಡಿ "ಮದುವಿ ಅದೇನ್ರಿ?" ಅಂತ ಕೇಳಿದ.

ಎರಡಡಿ ಚೌಕದ ಕಲ್ಲು, 160. ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದ್ದೇವೆ. ಒಂದು ಒಡೆಯಿತು, ಈಗ 159. ದಿನಾ ಮುಂಜಾನೆ ಎಣಿಸುತ್ತೇನೆ. ಹಾಸೋಕೂ ಬಿಡಲ್ಲ, ಮಾರೋಕೂ ಬಿಡಲ್ಲ. ಗೌಂಡಿ ಮೂರು ಸಲ ಬಂದು ವಾಪಸ್ ಹೋದ. ತಮ್ಮನ ಹೆಂಡತಿ, ಆರು ವರ್ಷದ ಮಗಳು ನಮ್ಮ ಜೊತೆಗೇ ಹಳೆ ಮನೆಯ ಇಕ್ಕಟ್ಟಿನಲ್ಲಿ ಇದ್ದಾರೆ. ಹೋದ ತಿಂಗಳು ಆ ಕೂಸು ಒಂದು ಕಲ್ಲಿನ ಮೇಲೆ ಚಾಕ್‌ಪೀಸ್‌ನಿಂದ ಅಆಇಈ ಬರೆಯಿತು. ನಾನು ಬೈದೆ. ಎಷ್ಟು ಬೈದೆ ಅಂದರೆ ಕೂಸು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಯಾರನ್ನಾದರೂ ಕಾಣಲೇಬೇಕು ಅಂತ ಆ ರಾತ್ರಿ ಅನ್ನಿಸಿತು.

ಒಬ್ಬ ಡಾಕ್ಟರ್ ಹತ್ತಿರ ಹೋದೆ. ಹೆಸರು ಬೇಡ. ನನ್ನದು 23ನೇ ಟೋಕನ್. ಪಾಳಿ ಬಂದಾಗ ಒಮ್ಮೆ ಮುಖ ನೋಡಿದರು, ನಿದ್ದೆ ಬರುತ್ತಾ ಅಂತ ಕೇಳಿದರು, ಮಾತ್ರೆ ಬರೆದರು. ನಿದ್ದೆ ಬಂತು, ಸುಳ್ಳು ಹೇಳಲ್ಲ. ಎದ್ದ ಮೇಲೆ ಕಲ್ಲು ಅಲ್ಲೇ ಇತ್ತು.

ನಮ್ಮ ಸಾಹುಕಾರರ ಮಗ ವಾಟ್ಸಾಪ್‌ನಲ್ಲಿ "ದುಃಖದ ಐದು ಹಂತಗಳು" ಅಂತ ಕಳಿಸಿದ್ದಾನೆ. ಅದರ ಪ್ರಕಾರ ನಾನು ಎರಡನೇದರಲ್ಲಿ, ಅಂದರೆ ಸಿಟ್ಟಿನಲ್ಲಿ ಇದ್ದೇನೆ. 14 ತಿಂಗಳಲ್ಲಿ ಎರಡೇ ಹಂತ! ನಮ್ಮ ಓಣಿಯ ಚರಂಡಿ ಕೆಲಸವೇ ಇದಕ್ಕಿಂತ ಬೇಗ ಮುಗಿಯಿತು.

ಇನ್ನೊಂದು ಭಯ. ನಮ್ಮೂರಲ್ಲಿ ಜಗತ್ ಸರ್ಕಲ್‌ನಲ್ಲಿ ಸೀನಿದರೆ ಸೂಪರ್ ಮಾರ್ಕೆಟ್‌ನಲ್ಲಿ "ನೆಗಡಿ ಆಗ್ಯಾದೇನು" ಅಂತ ಕೇಳುತ್ತಾರೆ. ಹೋದದ್ದು ಗೊತ್ತಾದರೆ "ಇವನಿಗ ಧಾರವಾಡಕ್ಕ ಕಳಸ್ರಿ", ಅಂದರೆ ಅಲ್ಲಿನ ಹುಚ್ಚಾಸ್ಪತ್ರೆಗೆ, ಅಂತ ಮಾತು ಶುರುವಾಗುತ್ತದೆ. ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ಭೀಮಾ ದಂಡೆ, ಯಾದಗಿರಿ:

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡ. ಈ ಥೆರಪಿ ಗಿರಪಿ ಎಲ್ಲ ಬೆಂಗಳೂರಿನವರ ಶೋಕಿ. ನಮ್ಮಜ್ಜ ಹೋದಾಗ ಊರ ಹೆಂಗಸರು ಹೆಣದ ಸುತ್ತ ಕೂತು ಹಾಡಿಕೊಂಡು ಅತ್ತರು. ಅಜ್ಜ ಉತ್ತಿದ್ದು, ಬಿತ್ತಿದ್ದು, ಅಜ್ಜಿಗೆ ಬೈದಿದ್ದು ಎಲ್ಲಾ ಹಾಡಿನಲ್ಲಿ ಬಂತು. ಅಜ್ಜಿ ಮರುದಿನದಿಂದ ರೊಟ್ಟಿ ಬಡಿದಳು. ಯಾವ ಸೈಕಾಲಜಿಸ್ಟ್ ಬಂದಿದ್ದ? ನೀನು ಒಂದು ಸಲ ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗಿ ಬಾ. ಕಲ್ಲು ಮಾರಿಬಿಡು. ಕಣ್ಣ ಮುಂದೆ ಇದ್ದರೆ ತಾನೇ ಎಣಿಸೋದು.

ಬೀದರ್ ಟೀಚರ್:

ಮೇಲಿನ ಸಹೋದರರಿಗೆ: ಮರುದಿನ ರೊಟ್ಟಿ ಬಡಿದ ಅಜ್ಜಿಯನ್ನು ಆರು ತಿಂಗಳಾದ ಮೇಲೆ ಯಾರಾದರೂ "ಹೆಂಗಿದ್ದೀ" ಅಂತ ಕೇಳಿದ್ದರಾ?

ನನ್ನ ಯಜಮಾನರು ಹೋಗಿ ಮೂರು ವರ್ಷ. ಎದೆ ನೋವು ಅಂದರು, ಆಸ್ಪತ್ರೆ ಮುಟ್ಟಲಿಲ್ಲ. ನಮ್ಮಲ್ಲಿ ಇದ್ದತ್, ಅಂದರೆ ಗಂಡ ತೀರಿಕೊಂಡ ಮೇಲೆ ಹೆಂಡತಿ ಪಾಲಿಸುವ ಶೋಕದ ಅವಧಿ, ನಾಲ್ಕು ತಿಂಗಳು ಹತ್ತು ದಿನ. ಅಷ್ಟು ದಿನ ಜನ ಬರುತ್ತಾರೆ, ಕೂರುತ್ತಾರೆ, ಊಟ ತರುತ್ತಾರೆ. ಅದು ಮುಗಿದ ಮರುದಿನ ಶಾಲೆಗೆ ಹೋದೆ. ಎಲ್ಲರಿಗೂ ನನ್ನ ದುಃಖವೂ ಮುಗಿಯಿತು ಅನ್ನಿಸಿತು. ನನಗೆ ಅವತ್ತು ಶುರುವಾಯಿತು.

ಬೆಂಗಳೂರಿನ ಒಬ್ಬರ ಹತ್ತಿರ ವಿಡಿಯೋದಲ್ಲಿ ಮಾತಾಡಲು ಶುರು ಮಾಡಿದೆ. ಒಳ್ಳೆಯವರೇ. ಆದರೆ ಭಾಷೆ ಕೂಡಲಿಲ್ಲ. "ಜೀವ ಘಬರಾಯಿಸ್ತದ್ರಿ" ಅಂದರೆ ಅವರು "ಅಂದರೆ ಆತಂಕವಾ? ಭಯವಾ?" ಅಂತ ಕೇಳುತ್ತಿದ್ದರು. ಎರಡೂ ಅಲ್ಲ! ಬೀದರ್‌ನಲ್ಲಿ ಯಾರಿಗೆ ಬೇಕಾದರೂ ಕೇಳಿ, ಜೀವ ಘಬರಾಯಿಸೋದು ಅಂದರೆ ಏನಂತ ಗೊತ್ತು. ಎರಡು ಸಲ ಆದಮೇಲೆ ಬಿಟ್ಟೆ. ಆಮೇಲೆ ಹೈದರಾಬಾದ್‌ನ ಒಬ್ಬರು ಸಿಕ್ಕರು. ನಮ್ಮ ದಖನಿ ಉರ್ದುವಿನಲ್ಲೇ ಮಾತು. ಮೊದಲ ದಿನ ನಾನು ಬರೀ ಅನ್ನದ ಅಳತೆ ಬಗ್ಗೆ ಹೇಳಿದೆ. ಇಬ್ಬರಿಗೆ ಒಂದೂವರೆ ಲೋಟ ಅಕ್ಕಿ ಹಾಕುತ್ತಿದ್ದೆ, ಒಬ್ಬಳಿಗೆ ಎಷ್ಟು ಹಾಕಬೇಕು ಅಂತ ಕೈಗೆ ತಿಳಿಯುತ್ತಿಲ್ಲ ಅಂತ. ಆಕೆ ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ. ಸುಮ್ನೆ ಕೇಳಿದರು. ಒಟ್ಟು ಒಂಬತ್ತು ಸಲ ಹೋಗಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮೂರು ಸಲ ಮಾತಾಡಿ ಮುಗಿಸಿದ ದಿನ ಮುಂಚಿಗಿಂತ ಕೆಟ್ಟದಾಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಥೆರಪಿ ಸುಳ್ಳು ಅಂತ ಇವತ್ತು ಇಲ್ಲಿ ಬರೆಯುತ್ತಿದ್ದೆ. ಮತ್ತೆ ಕಲ್ಲು ಮಾರಬೇಡಿ. ನಾನು ಅವರ ಸ್ಕೂಟರ್ ಮಾರಿದೆ. ಈಗಲೂ ಅದೇ ಬಣ್ಣದ್ದು ಕಂಡರೆ ನಂಬರ್ ನೋಡುತ್ತೇನೆ.

ಆಳಂದ ಸಿಸ್ಟರ್:

ನಾನು ತಾಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್, ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, 24 ತಾಸು, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಕಲ್ಲಿನ ಹತ್ತಿರ ಹೋಗಿ ನಿಲ್ಲಬೇಕು ಅನ್ನಿಸಿದಾಗ ಅದು ಬೇಕಾಗುತ್ತದೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಎರಡೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಹಳ್ಳಿ ಕಡೆಯವರಿಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಬರೋ ಮುಂಚೆ ವಿಚಾರಿಸಿಕೊಳ್ಳಿ.

ಅಂದಹಾಗೆ ಇದು ಬೆಂಗಳೂರಿನ ಶೋಕಿ ಅಲ್ಲ. ಜಿಲ್ಲೆಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹೋಗಿದ್ದು ಅದೇ ಮಾದರಿ.

ಕಟ್ಟೆ ಮೇಲಿನ ಮಾತು:

ತಡವಾಗಿ ನೋಡಿದೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಇದೇ ಭಾಗದವಳು. ದೊಡ್ಡವರ ಮನಸ್ಸಿನ ತೊಂದರೆ ನನ್ನ ಕೆಲಸ. ಅದರಲ್ಲೂ ಸಾವಾದ ಮನೆಯವರೇ ಜಾಸ್ತಿ ಬರುತ್ತಾರೆ. ಹೆಸರು, ನಂಬರ್ ಹಾಕಲ್ಲ, ಜಾಹೀರಾತು ಆಗಿಬಿಡುತ್ತದೆ.

ಮೊದಲು ಆ ಐದು ಹಂತ. ಅದನ್ನು ಹೇಳಿದವರು ಎಲಿಜಬೆತ್ ಕೂಬ್ಲರ್-ರಾಸ್ ಅನ್ನೋ ಮನೋವೈದ್ಯೆ, 1969ರಲ್ಲಿ. ಅವರು ಕೂತು ಮಾತಾಡಿಸಿದ್ದು ಸಾಯುತ್ತಿದ್ದ ರೋಗಿಗಳನ್ನು, ಹಿಂದೆ ಉಳಿದವರನ್ನಲ್ಲ. ಅದು ಪಾಸ್ ಆಗಬೇಕಾದ ತರಗತಿಗಳ ಪಟ್ಟಿ ಅಲ್ಲ. ನೀವು ಎರಡನೇ ಕ್ಲಾಸಿನಲ್ಲಿ ಫೇಲ್ ಆಗಿಲ್ಲ. ನಾನು ನೋಡಿದ ಮಟ್ಟಿಗೆ ದುಃಖ ಪಂಚಮಿ ಜೋಕಾಲಿ ಇದ್ದ ಹಾಗೆ. ಒಮ್ಮೆ ಸತ್ತವರ ಕಡೆ ಜೀಕುತ್ತದೆ, ಒಮ್ಮೆ ಮಿಲ್‌ನ ಲೆಕ್ಕ, ಮಕ್ಕಳ ಫೀಸ್, ಗೌಂಡಿ ಕಡೆ ಬರುತ್ತದೆ. ಸ್ಟ್ರೋಬ್, ಶೂಟ್ ಅನ್ನೋ ಇಬ್ಬರು ನೆದರ್ಲೆಂಡ್ಸ್‌ನ ಸಂಶೋಧಕರು 1999ರಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳಿದರು, ಜೋಕಾಲಿ ಮಾತು ಮಾತ್ರ ನನ್ನದು. ಜೀಕುತ್ತಿದ್ದರೆ ತೊಂದರೆ ಇಲ್ಲ. ಒಂದೇ ಕಡೆ ಹಗ್ಗ ಸಿಕ್ಕಿಕೊಂಡರೆ ಕೆಲಸ ಕೆಡುತ್ತದೆ.

ಹಾಗೆ ಸಿಕ್ಕಿಕೊಂಡದ್ದಕ್ಕೆ ಈಗ ಒಂದು ಹೆಸರೂ ಇದೆ, ದೀರ್ಘಕಾಲದ ಶೋಕದ ತೊಂದರೆ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಪ್ರಕಾರ ಕನಿಷ್ಠ ಆರು ತಿಂಗಳಾಗಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಅನ್ನುತ್ತದೆ. ಆದರೆ ಬರೀ ತಿಂಗಳು ಎಣಿಸಿ ಯಾರಿಗೂ ಕಾಯಿಲೆ ಅಂತ ಹಣೆಪಟ್ಟಿ ಹಚ್ಚೋಕಾಗಲ್ಲ. ಆ ಸಾವು ಬಿಟ್ಟು ಬೇರೆ ಏನೂ ತಲೆಯಲ್ಲಿ ನಿಲ್ಲುತ್ತಿಲ್ಲವಾ, ದಿನದ ಬಾಳು ಕೆಟ್ಟಿದೆಯಾ, ಆ ಮನೆತನದ ರೂಢಿಗೂ ಇದು ಜಾಸ್ತಿಯಾ, ಇದೆಲ್ಲ ನೋಡಬೇಕು. ನಿಮಗೆ ಅದು ಇದೆಯೋ ಇಲ್ಲವೋ ಇಲ್ಲಿಂದ ಹೇಳಲ್ಲ. ಹೇಳುವವರನ್ನು ನಂಬಬೇಡಿ.

ಮಾಡೋದೇನು ಅಂತ ಕೇಳಿದ್ದೀರಿ. ನನ್ನ ಹತ್ತಿರ ಬಂದರೆ ಮೊದಲ ದಿನ ನಾನು ಸಾವಿನ ಬಗ್ಗೆ ಕೇಳೋದೇ ಇಲ್ಲ. ತಮ್ಮನ ಹೆಸರೇನು, ಏನು ತಿನ್ನುತ್ತಿದ್ದ, ನಿಮಗೆ ಏನಂತ ಕರೆಯುತ್ತಿದ್ದ, ಯಾವುದಕ್ಕೆ ಜಗಳ ಆಗುತ್ತಿತ್ತು. ಆಮೇಲೆ ನಿದ್ದೆ, ಊಟ, ಕುಡಿತ. ಬದುಕೋದು ಸಾಕು ಅನ್ನಿಸುತ್ತಾ ಅಂತ ಎಲ್ಲರಿಗೂ ನೇರವಾಗಿ ಕೇಳುತ್ತೇನೆ. ನಿಮಗೂ ಇಲ್ಲೇ ಕೇಳುತ್ತಿದ್ದೇನೆ. ಉತ್ತರ ಹೌದು ಅಂತಾದರೆ ಸಿಸ್ಟರ್ ಕೊಟ್ಟ ನಂಬರ್‌ಗೆ ಈಗಲೇ ಫೋನ್ ಮಾಡಿ.

ಇದಕ್ಕೇ ಅಂತ ರೂಪಿಸಿದ ಒಂದು ಥೆರಪಿ ಇದೆ, ಸುಮಾರು 16 ಭೇಟಿ. ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಯಾಥರೀನ್ ಶಿಯರ್ ಮಾಡಿದ್ದು. ಅದರಲ್ಲಿ ಸುದ್ದಿ ಬಂದ ಆ ಹೊತ್ತನ್ನು ಕಣ್ಣು ಮುಚ್ಚಿ ಜೋರಾಗಿ ಹೇಳಿಸುತ್ತೇವೆ. ರೆಕಾರ್ಡ್ ಮಾಡಿ ಕೊಡುತ್ತೇವೆ, ಮನೆಯಲ್ಲಿ ಕೇಳಬೇಕು. ಕ್ರೂರ ಅನ್ನಿಸುತ್ತದೆ ಅಲ್ವಾ? ಬೀದರ್ ಟೀಚರ್ ಹೇಳಿದ ಆ ಮೊದಲ ಕೆಟ್ಟ ದಿನಗಳು ಇಲ್ಲೂ ಬರುತ್ತವೆ. ಆದರೆ ಐದನೇ ಸಲ ಹೇಳುವಾಗ ಕಥೆಯಲ್ಲಿ ಮೊದಲು ಇಲ್ಲದ ಜನ ಬರುತ್ತಾರೆ. ನೀರು ಕೊಟ್ಟವನು, ಫೋನ್ ಹುಡುಕಿ ಕೊಟ್ಟವನು. ತಪ್ಪಿಸಿಕೊಂಡು ತಿರುಗುವ ಜಾಗಗಳಿಗೆ ಸ್ವಲ್ಪ ಸ್ವಲ್ಪವೇ ಹೋಗಿ ಬರೋದೂ ಇದೆ. ನಿಮಗೆ ಅದು ಹೊಲ ಇರಬಹುದು. ತೀರಿಕೊಂಡವರ ಜೊತೆ ಮಾತಾಡೋದೂ ಇದೆ. ನಮ್ಮವರಿಗೆ ಅದನ್ನು ಕಲಿಸಬೇಕಿಲ್ಲ. ಗದ್ದುಗೆ ಮುಂದೆ ಕೂತು "ನೋಡಪಾ, ನಿನ್ನ ಮಗಳು ಶಾಲಿಗಿ ಹೊಂಟಾಳ" ಅನ್ನೋದು ನಮಗೆ ಹೊಸದಾ?

ಮಾತ್ರೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಖಿನ್ನತೆ ಜೊತೆಗಿದ್ದರೆ ಬೇಕಾಗಬಹುದು. ಆದರೆ ಶಿಯರ್ ಅವರ ತಂಡವೇ 395 ಜನರ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ಥೆರಪಿ ಜೊತೆ ಖಿನ್ನತೆಯ ಮಾತ್ರೆ ಸೇರಿಸಿದಾಗ ಖಿನ್ನತೆ ಇನ್ನಷ್ಟು ಇಳಿಯಿತು, ಅಗಲಿಕೆಯ ನೋವಿನಲ್ಲಿ ಹೇಳಿಕೊಳ್ಳುವಂಥ ಫರಕು ಆಗಲಿಲ್ಲ. "ಎದ್ದ ಮೇಲೆ ಕಲ್ಲು ಅಲ್ಲೇ ಇತ್ತು" ಅಂತ ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ.

ಯಾರ ಹತ್ತಿರ ಹೋಗಬೇಕು? ಮನೋವೈದ್ಯರು ಎಂಬಿಬಿಎಸ್ ಓದಿ ಆಮೇಲೆ ಎಂಡಿ ಮಾಡಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಸಾಮಾನ್ಯವಾಗಿ ಎರಡು ವರ್ಷದ ಎಂಫಿಲ್ ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ಹೆಸರು ನೋಂದಾಯಿಸಿದವರು. ಆರ್‌ಸಿಐ ನಂಬರ್ ಕೇಳಿ. ಸಂಕೋಚ ಬೇಡ, ತೊಗರಿ ಕೊಳ್ಳುವಾಗ ಹಿಡಿ ತೆಗೆದು ನೋಡಲ್ವಾ? "ಕೌನ್ಸೆಲರ್" ಅನ್ನೋ ಬೋರ್ಡ್ ಮಾತ್ರ ಯಾರು ಬೇಕಾದರೂ ಹಾಕಿಕೊಂಡಿರುತ್ತಾರೆ. ಒಳ್ಳೆಯವರಿದ್ದಾರೆ, ವಾರಾಂತ್ಯದ ಕೋರ್ಸ್ ಮಾಡಿದವರೂ ಇದ್ದಾರೆ. ಫೋನ್‌ನಲ್ಲೇ ಕೇಳಿ, "ಸಾವಾದ ಮನೆಯವರ ಜೊತೆ ಕೆಲಸ ಮಾಡಿದ್ದೀರಾ, ಹೇಗೆ ಮಾಡುತ್ತೀರಿ" ಅಂತ. "ಪಾಸಿಟಿವ್ ಆಗಿ ಯೋಚಿಸಿ" ಅಂದರೆ ಫೋನ್ ಇಡಿ. ಊರವರ ಬಾಯಿಗೆ ಕಾನೂನಿಲ್ಲ, ನಮ್ಮ ಬಾಯಿಗೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ನಿಮ್ಮ ಗುಟ್ಟು ಕಾಯುತ್ತದೆ. ಜೀವಕ್ಕೆ ಅಪಾಯ ಅನ್ನುವಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಹೆಂಡತಿಗೂ ನಾವು ಹೇಳುವ ಹಾಗಿಲ್ಲ.

ಭೀಮಾ ದಂಡೆ ಅವರೇ, ಹಾಡಿಕೊಂಡು ಅಳೋದರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದು ನಮ್ಮ ಕಡೆಯ ದೊಡ್ಡ ವಿದ್ಯೆ. ಆದರೆ ಹಾಡಿದವರು ಹೆಂಗಸರು. ಗಂಡಸರು ಆಗ ಎಲ್ಲಿದ್ದರು? ಕುಣಿ ತೋಡಿಸುತ್ತಿದ್ದರು, ಪೋಸ್ಟ್‌ಮಾರ್ಟಂ ಕಾಗದಕ್ಕೆ ಓಡಾಡುತ್ತಿದ್ದರು, ಬಂದವರಿಗೆ ಚಹಾ ಹೇಳುತ್ತಿದ್ದರು. ಹಾಡಲಿಕ್ಕೆ ಪಾಳಿ ಬಾರದವರೇ ನನ್ನ ಹತ್ತಿರ ಜಾಸ್ತಿ ಬರೋದು. ಗಾಣಗಾಪುರಕ್ಕೂ ಹೋಗಲಿ. ಎರಡಕ್ಕೂ ಜಗಳ ಇಲ್ಲ.

ಕೂಸಿಗೆ ಮೊದಲು ಕ್ಷಮೆ ಕೇಳಿ, ಇವತ್ತೇ. "ಅಪ್ಪ ಊರಿಗೆ ಹೋಗಿದ್ದಾನೆ" ಅಂತ ಯಾರಾದರೂ ಹೇಳಿದ್ದರೆ ನಿಲ್ಲಿಸಿ. ಸತ್ತರು, ವಾಪಸ್ ಬರಲ್ಲ ಅಂತ ನೇರವಾಗಿ ಹೇಳಬೇಕು. ಇಲ್ಲವಾದರೆ ಆ ಮಗು ಬಸ್ ಸ್ಟ್ಯಾಂಡ್ ಕಂಡಾಗೆಲ್ಲ ಕಾಯುತ್ತದೆ.

ತೊಗರಿ ಲೆಕ್ಕ:

ಎಲ್ಲ ಓದಿದೆ. ಕೆಲವು ಎರಡು ಸಲ. ಸಾಯಬೇಕು ಅಂತ ಅನ್ನಿಸಿಲ್ಲ ಮೇಡಂ, ನಿಜವಾಗಿ.

ಮೊದಲು ಬರೆಯುವಾಗ ಒಂದು ವಿಷಯ ಬಿಟ್ಟಿದ್ದೆ. ಅವತ್ತು ಅವನಿಗೆ ಶಹಾಬಾದ್‌ಗೆ ಹೋಗೋ ಮನಸ್ಸಿರಲಿಲ್ಲ. ಮೈ ಕೈ ನೋವು, ನಾಳೆ ಹೋಗ್ತೀನಿ ಅಂದ. ನಾನೇ ಮಿಲ್‌ನಿಂದ ಫೋನ್ ಮಾಡಿ "ಇವತ್ತೇ ಮುಂಗಡ ಕೊಟ್ಟು ಬಾ, ನಾಳೆಯಿಂದ ರೇಟ್ ಏರ್ತದ" ಅಂದೆ. ಅಡಿಗೆ ಎರಡು ರೂಪಾಯಿ. 160 ಕಲ್ಲು, ಒಂದಕ್ಕೆ ನಾಲ್ಕು ಚದರಡಿ, 640. ಎರಡರಿಂದ ಗುಣಿಸಿದರೆ 1280. ಮುಂಗಡ ಕೊಟ್ಟು ವಾಪಸ್ ಬರುವಾಗ ಆಗಿದ್ದು. ರಸೀದಿ ಅವನ ಅಂಗಿ ಜೇಬಿನಲ್ಲಿತ್ತು.

ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವ್ವನಿಗೂ, ಅವನ ಹೆಂಡತಿಗೂ. 1280 ರೂಪಾಯಿ.

ಕಟ್ಟೆ ಮೇಲಿನ ಮಾತು:

"ನಿಮ್ಮ ತಪ್ಪಲ್ಲ" ಅಂತ ನಾನು ಬರೆಯಲ್ಲ. ಬರೆದರೆ ನೀವು ಹೂಂ ಅಂದು, ಫೋನ್ ಕೆಳಗಿಟ್ಟು, ಮತ್ತೆ ಗುಣಾಕಾರ ಶುರು ಮಾಡುತ್ತೀರಿ. 14 ತಿಂಗಳಿಂದ ಒಂದೇ ಕಲಂ ತುಂಬುತ್ತಿದ್ದೀರಿ. ಲಾರಿಯವನದು, ಆ ರಸ್ತೆಯದು, ಹೊತ್ತಿನದು, ತಮ್ಮ ತಾನೇ ಇಷ್ಟಪಟ್ಟು ಕಲ್ಲು ಆರಿಸಿದ್ದು, ಇವೆಲ್ಲ ಯಾವ ಕಲಂಗೂ ಬಂದಿಲ್ಲ. ಅದನ್ನು ಒಬ್ಬರ ಎದುರು ಕೂತು ಪೂರ್ತಿ ಬಿಚ್ಚಬೇಕು. ನಾನೇ ಆಗಬೇಕು ಅಂತಿಲ್ಲ. ಇಲ್ಲಿ ಬರೆಯೋಕೆ ಆಯಿತು ಅಂದರೆ ಬಾಯಿಂದ ಹೇಳೋಕೂ ಆಗುತ್ತದೆ. ಕಲ್ಲು ಸದ್ಯ ಹಾಗೇ ಇರಲಿ. ಯಾರಿಗೂ ಅವಸರ ಇಲ್ಲ.

ಭೀಮಾ ದಂಡೆ, ಯಾದಗಿರಿ:

ಅಣ್ಣಾ, ಕಲ್ಲು ಮಾರು ಅಂದಿದ್ದು ವಾಪಸ್ ತಗೊಂಡೆ. ಗಾಣಗಾಪುರ ಮಾತ್ರ ವಾಪಸ್ ಇಲ್ಲ. ಬರೋದಾದರೆ ಹೇಳು, ನಾನೂ ಬರುತ್ತೇನೆ. ಟೀಚರ್ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅಜ್ಜಿಯೂ ಈಗ ಇಲ್ಲ.

ತೊಗರಿ ಲೆಕ್ಕ:

ಅಪ್‌ಡೇಟ್. 14416ಕ್ಕೆ ಫೋನ್ ಮಾಡಿದ್ದೆ. ಒಬ್ಬಳು ಹುಡುಗಿ ಮಾತಾಡಿದಳು, ದನಿ ಕೇಳಿದರೆ ನನ್ನ ತಂಗಿ ವಯಸ್ಸು. ಅರ್ಧ ತಾಸು ಕೇಳಿಸಿಕೊಂಡಳು. ಆಮೇಲೆ ಇಲ್ಲೇ ಊರಲ್ಲಿ ಒಬ್ಬರನ್ನು ಹುಡುಕಿ ಆರ್‌ಸಿಐ ನಂಬರ್ ಕೇಳಿದೆ. ಅವರು ಬೇಜಾರಾಗಲಿಲ್ಲ, ನಕ್ಕು ಕೊಟ್ಟರು. 700 ರೂಪಾಯಿ, ಐವತ್ತು ನಿಮಿಷ.

ಕೂಸಿಗೆ ಹೊಸ ಚಾಕ್‌ಪೀಸ್ ಡಬ್ಬಿ ತಂದುಕೊಟ್ಟೆ. ಇನ್ನೂ ನನ್ನ ಹತ್ತಿರ ಬರುತ್ತಿಲ್ಲ. ಆದರೆ ನಿನ್ನೆ ಒಂದು ಕಲ್ಲಿನ ಮೇಲೆ ಬೆಕ್ಕು ಬರೆದಿತ್ತು. ಬೆಕ್ಕೋ ಆಕಳೋ, ಕೇಳಲಿಲ್ಲ.

ಗುರುವಾರ ಸಂಜೆ ನಾಲ್ಕೂವರೆಗೆ ಮೊದಲ ಸಲ. ಮಿಲ್‌ನಲ್ಲಿ ಹಲ್ಲಿನ ಡಾಕ್ಟರ್ ಹತ್ತಿರ ಹೋಗ್ತೀನಿ ಅಂತ ಹೇಳಿದ್ದೇನೆ. ಸಾಹುಕಾರರು ಯಾವ ಹಲ್ಲು ಅಂತ ಕೇಳಿದರು. ಬಲಗಡೆ ಕೆಳಗಿಂದು ಅಂದೆ.